ಊಹಿಸುವ ಯಂತ್ರಕ್ಕೂ ಒಂದು ಲೆಡ್ಜರ್ ಬೇಕು

(ಹೋದ ಭಾನುವಾರ ನಮ್ಮೂರಿನ ವಾಚನಾಲಯದಲ್ಲಿ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಸರಿ ಬರಲಿಲ್ಲ, ಬರೆದು ಹಾಕಿ ಅಂತ ಕೆಲವರು ಕೇಳಿದರು. ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ.)



ಮೊದಲೇ ಹೇಳಿಬಿಡ್ತೇನೆ, ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರಿನಲ್ಲಿ ಕೂತವ. ಹಿಂದಿನ ಬೆಂಚಿನಲ್ಲಿ ಇಬ್ಬರು ಮೂವರು ಕಂಪ್ಯೂಟರ್ ಸಯನ್ಸ್ ಓದುವವರಿದ್ದಾರೆ, ನಾನು ತಪ್ಪಿದರೆ ಅವರು ತಿದ್ದಬೇಕು. ಆದರೆ ಇವತ್ತಿನ ವಿಷಯ ಲೆಕ್ಕಪತ್ರ ಬರೆಯುವವನಿಗೂ ಹತ್ತಿರದ್ದೇ. ಅದಕ್ಕೇ ಧೈರ್ಯ ಮಾಡಿ ನಿಂತಿದ್ದೇನೆ.

ಶುರು ಆದದ್ದು ನಮ್ಮ ಮನೆಯಲ್ಲಿ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಶಾಲೆಯಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಇವಳು ಫೋನಿನಲ್ಲಿ ಒಂದು ಎಐ ಆ್ಯಪ್ ತೆಗೆದು ಕನ್ನಡದಲ್ಲೇ ಕೇಳಿದಳು. ಉತ್ತರ ಬಂತು, ಭಾಷೆ ಚೆಂದವೇ ಇತ್ತು. ಆದರೆ ಅದರೊಳಗೆ ಒಂದು ಸಾಲು: ಮಂಜೇಶ್ವರ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ. ಹುಡುಗಿ ನನ್ನ ಮುಖ ನೋಡಿ ಕೇಳಿದಳು, "ಮಾವ, ಹಾಗಾದ್ರೆ ನಾವಿರುದು ಕರ್ನಾಟಕದಲ್ಲಾ?"

ನಗು ಬಂತು. ಆಮೇಲೆ ಬೇಜಾರೂ ಆಯಿತು. ಮನೆಯಲ್ಲಿ ಹೇಳುವವರಿದ್ದರು, ಅವಳು ತಿದ್ದಿಕೊಂಡಳು. ಹೇಳುವವರು ಇಲ್ಲದ ಮಕ್ಕಳು ಅದನ್ನೇ ಬರೆದು ಕೊಡ್ತಾರೆ. ಆ ಯಂತ್ರ ಹೀಗೆ ಯಾಕೆ ಹೇಳಿತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೇನೆ.

ಈಗಿನ ಎಐ ಅಂದರೆ ಹೆಚ್ಚಿನದ್ದೂ ನ್ಯೂರಲ್ ನೆಟ್‌ವರ್ಕ್. ಕನ್ನಡದಲ್ಲಿ ನರಜಾಲ ಅಂತಾರೆ. ಹೆಸರು ಕೇಳಿ ಹೆದರಬೇಡಿ, ಒಳಗಿರುವುದು ಬರೀ ಅಂಕಿಗಳು, ಕೋಟಿಗಟ್ಟಲೆ ಅಂಕಿಗಳು. ಒಂದು ವಾಕ್ಯದ ಅರ್ಧ ತೋರಿಸಿ ಮುಂದಿನ ತುಣುಕು ಯಾವುದು ಅಂತ ಕೇಳುವುದು, ತಪ್ಪಿದರೆ ಒಳಗಿನ ಅಂಕಿಗಳನ್ನು ಒಂದು ಕೂದಲಷ್ಟು ಸರಿಸುವುದು, ಮತ್ತೆ ಕೇಳುವುದು. ಹೀಗೆ ಲೆಕ್ಕವಿಲ್ಲದಷ್ಟು ಸಲ ಮಾಡಿದಾಗ ಅದಕ್ಕೆ ಊಹೆ ಮಾಡುವ ರೂಢಿ ಬರ್ತದೆ. ಆ ರೂಢಿ ಎಷ್ಟು ಚೂಪಾಗಿರ್ತದೆ ಅಂದರೆ ನಮಗೆ ಅದು ತಿಳುವಳಿಕೆಯ ಹಾಗೆಯೇ ಕಾಣ್ತದೆ.

ಆದರೆ ಎಲ್ಲಿ ಯಾವ ಊರು ಉಂಟು ಅಂತ ಒಂದು ಪಟ್ಟಿ ಅದರ ಒಳಗಿಲ್ಲ. ಅದು ಓದಿದ ಬರಹಗಳಲ್ಲಿ ಗೋವಿಂದ ಪೈ, ಕನ್ನಡ, ಮಂಗಳೂರು, ಕರ್ನಾಟಕ ಈ ಶಬ್ದಗಳು ಒಟ್ಟೊಟ್ಟಿಗೆ ಬಂದಿರ್ತವೆ. ಪ್ರಶ್ನೆಯೂ ಕನ್ನಡದಲ್ಲಿ ಇತ್ತು. ಹಾಗಾಗಿ ಕರ್ನಾಟಕ ಅಂತ ಊಹಿಸಿತು ಅಂತ ಕಾಣ್ತದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಸರಿ ಹೇಳಿದಾಗಲೂ ಅದು ಊಹೆಯೇ, ತಪ್ಪು ಹೇಳಿದಾಗಲೂ ಊಹೆಯೇ. ಎರಡನ್ನೂ ಒಂದೇ ಧೈರ್ಯದಲ್ಲಿ ಹೇಳ್ತದೆ, ತೊಂದರೆ ಇರುವುದು ಅಲ್ಲಿ.

ಹಾಗಾದರೆ ಎಲ್ಲವನ್ನೂ ಮೊದಲೇ ಬರೆದಿಟ್ಟರೆ ಆಗಲಿಕ್ಕಿಲ್ವಾ? ಅದನ್ನೂ ಜನ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೈಸಿನ್ ಅಂತ ಒಂದು ಪ್ರೋಗ್ರಾಂ ಮಾಡಿದರು. ರಕ್ತದಲ್ಲಿ ಸೋಂಕು ಆದವರಿಗೆ ಯಾವ ಔಷಧ ಕೊಡಬಹುದು ಅಂತ ಹೇಳಲಿಕ್ಕೆ. ವೈದ್ಯರನ್ನು ಕೇಳಿ ಕೇಳಿ ನೂರಾರು ನಿಯಮ ಬರೆದರು: "ಹೀಗೆ ಇದ್ದರೆ, ಹೀಗೆ ಇದ್ದರೆ, ಆಗ ಇದು." 1984ರಲ್ಲಿ ಡಗ್ಲಸ್ ಲೆನಾಟ್ ಎಂಬವರು ಸೈಕ್ ಅಂತ ಇನ್ನೊಂದು ಶುರು ಮಾಡಿದರು. ಮನುಷ್ಯನ ಸಾಮಾನ್ಯ ಜ್ಞಾನವನ್ನೆಲ್ಲ ನಿಯಮ ಮಾಡಿ ಬರೆಯುವುದು ಅವರ ಆಸೆ. ದಶಕಗಟ್ಟಲೆ ಬರೆದರು, ಮುಗಿಯಲಿಲ್ಲ.

ನಿಯಮದ ಒಳ್ಳೆಯ ಗುಣ ಏನು? ಯಾಕೆ ಹಾಗೆ ಹೇಳಿದೆ ಅಂತ ಕೇಳಿದರೆ ತೋರಿಸ್ತದೆ. ಕೆಟ್ಟ ಗುಣ? ಬರೆಯದೆ ಇದ್ದದ್ದು ಎದುರು ಬಂದರೆ ಕಂಗಾಲು. ನಮ್ಮ ಬ್ಯಾಂಕಿಗೆ ಬರುವ ಅಜ್ಜಂದಿರ ಕೈಬರಹದ 7 ಹೇಗಿರ್ತದೆ ಅಂತ ನಿಯಮ ಬರೆಯಿರಿ ನೋಡುವಾ. ಒಬ್ಬರದ್ದು 1ರ ಹಾಗೆ, ಇನ್ನೊಬ್ಬರದ್ದು 9ರ ಹಾಗೆ. ಆದರೂ ನಾನು ಓದ್ತೇನೆ. ಹೇಗೆ ಓದಿದೆ ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ನೋಡಿ ನೋಡಿ ರೂಢಿ.

ಅಂದರೆ ಕೆಲಸ ಎರಡು ಬಗೆಯದ್ದು. ಒಂದು ರೂಢಿಯಿಂದ ಗುರುತು ಹಿಡಿಯುವುದು. ಇನ್ನೊಂದು ಬರೆದಿಟ್ಟದ್ದರ ಜೊತೆ ತಾಳೆ ನೋಡುವುದು. ನರಜಾಲ ಮೊದಲನೆಯದ್ದರಲ್ಲಿ ಗಟ್ಟಿ. ನಿಯಮ, ಪಟ್ಟಿ, ಲೆಡ್ಜರ್ ಎರಡನೆಯದ್ದರಲ್ಲಿ ಗಟ್ಟಿ. ಎರಡನ್ನೂ ಜೋಡಿಸಿದರೆ ಏನಾಗ್ತದೆ ಅನ್ನುವುದೇ ಇವತ್ತಿನ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ ನ್ಯೂರೋ ಸಿಂಬಾಲಿಕ್ ಅಂತಾರೆ. ನೀವು ಅದನ್ನು ಮರೆತರೂ ಅಡ್ಡಿ ಇಲ್ಲ.

ಬ್ಯಾಂಕಿನಲ್ಲಿ ನಮಗೆ ಇದು ದಿನಾ ಕಾಣ್ತದೆ. ನಾನು ಒಂದು ವೋಚರ್ ಎಂಟ್ರಿ ಮಾಡ್ತೇನೆ. ಅದು ನೇರ ಖಾತೆಗೆ ಹೋಗುವುದಿಲ್ಲ. ಇನ್ನೊಬ್ಬರು ಅದನ್ನು ನೋಡಿ ಪಾಸ್ ಮಾಡಬೇಕು. ಮೇಕರ್ ಮತ್ತು ಚೆಕ್ಕರ್ ಅಂತೇವೆ. ನಾನು ಎಷ್ಟೇ ಅನುಭವದವನಾದರೂ ನನ್ನ ಎಂಟ್ರಿಯನ್ನು ನಾನೇ ಪಾಸ್ ಮಾಡುವ ಹಾಗಿಲ್ಲ.

ಎಐನಲ್ಲೂ ಈ ಜೋಡಿ ಮೊದಲೇ ಕೆಲಸ ಮಾಡಿದೆ, ಅದೂ ಬ್ಯಾಂಕಿನಲ್ಲೇ. 1990ರ ದಶಕದಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪೆನಿಯ ಪ್ರಯೋಗಾಲಯದಲ್ಲಿ ಯಾನ್ ಲೆಕುನ್ ಮತ್ತು ಅವರ ಜೊತೆಗಾರರು ಚೆಕ್ಕಿನ ಮೇಲೆ ಬರೆದ ಮೊತ್ತ ಓದುವ ಯಂತ್ರ ಮಾಡಿದರು. 1996ರಿಂದ ಅದು ಅಲ್ಲಿನ ಬ್ಯಾಂಕುಗಳಲ್ಲಿ ದಿನಕ್ಕೆ ಲಕ್ಷಗಟ್ಟಲೆ ಚೆಕ್ಕು ಓದುತ್ತಿತ್ತು. ಅದರಲ್ಲಿ ಅಂಕಿ ಗುರುತಿಸುವುದು ನರಜಾಲ. ಆದರೆ ಕೊನೆಯ ಮಾತು ನರಜಾಲದ್ದಲ್ಲ. ಜೊತೆಗೆ ಒಂದು ವ್ಯಾಕರಣ ಇಟ್ಟಿದ್ದರು. ಶಬ್ದದ ವ್ಯಾಕರಣ ಅಲ್ಲ, ಮೊತ್ತದ ವ್ಯಾಕರಣ. ಮೊತ್ತ ಅಂದರೆ ಹೇಗೆ ಬರೆದಿರಬೇಕು ಅನ್ನುವ ನಿಯಮ.

ಒಂದು ಉದಾಹರಣೆ ಮಾಡಿ ಹೇಳ್ತೇನೆ. ನರಜಾಲ ಒಂದು ಗೀಟು ನೋಡಿ ಇದು ಅಲ್ಪವಿರಾಮ ಇರಬಹುದು, 1 ಕೂಡ ಇರಬಹುದು ಅಂತ ಎರಡೂ ಹೇಳ್ತದೆ, ಅಲ್ಪವಿರಾಮಕ್ಕೆ ಸ್ವಲ್ಪ ಹೆಚ್ಚು ಅಂಕ ಕೊಡ್ತದೆ. ಆದರೆ ಅಲ್ಪವಿರಾಮ ಅಂತ ಇಟ್ಟರೆ ಅದರ ನಂತರ ಎರಡೇ ಅಂಕಿ ಉಳಿಯುತ್ತದೆ. ಅಮೆರಿಕದ ಲೆಕ್ಕದಲ್ಲಿ ಮೂರು ಅಂಕಿ ಬರಲೇಬೇಕು. ಹಾಗಾಗಿ ಆ ಓದು ಕಾನೂನಿಗೆ ಹೊಂದುವುದಿಲ್ಲ. ಎರಡನೇ ಊಹೆ, ಅಂದರೆ 1, ಗೆಲ್ತದೆ. ಊಹೆ ಮಾಡುವವ ಒಂದೇ ಉತ್ತರ ಕೊಡದೆ ಇರಬಹುದಾದ ನಾಲ್ಕು ಕೊಡ್ತಾನೆ, ನಿಯಮ ಅದರಲ್ಲಿ ಆಗದ್ದನ್ನು ಹೊಡೆದು ಹಾಕ್ತದೆ, ಉಳಿದದ್ದರಲ್ಲಿ ಒಳ್ಳೆಯದ್ದನ್ನು ಆರಿಸುವುದು.

1998ರಲ್ಲಿ ಅವರು ಇದರ ಬಗ್ಗೆ ಪ್ರಬಂಧ ಬರೆದರು. ಕಂಪೆನಿಗಳ ಚೆಕ್ಕುಗಳಲ್ಲಿ 100ಕ್ಕೆ 82 ಸರಿ ಓದಿತ್ತು, 1 ತಪ್ಪು ಓದಿತ್ತು. ಉಳಿದ 17? "ನನಗೆ ಗೊತ್ತಾಗಲಿಲ್ಲ, ಮನುಷ್ಯರೇ ನೋಡಿ" ಅಂತ ಬದಿಗೆ ಇಟ್ಟಿತ್ತು. ನನಗೆ ಬಹಳ ಇಷ್ಟವಾದದ್ದು ಈ 17. ನಮ್ಮ ಹುಡುಗಿಯ ಫೋನಿನಲ್ಲಿದ್ದ ಆ್ಯಪ್‌ಗೆ ಈ 17 ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಲಿಕ್ಕೆ ಕಲಿಯದವನನ್ನು ಕ್ಯಾಶಿನಲ್ಲಿ ಕೂರಿಸ್ಲಿಕ್ಕೆ ಆಗ್ತದಾ?

ಇಲ್ಲಿ ಇನ್ನೊಂದು ಮಾತು. ಆ ಅಮೆರಿಕದ ನಿಯಮವನ್ನೇ ತಂದು ನಮ್ಮ ಚೆಕ್ಕಿಗೆ ಹಾಕಿದರೆ? ನಾವು ಒಂದು ಲಕ್ಷದ ಇಪ್ಪತ್ತೈದು ಸಾವಿರವನ್ನು 1,25,000 ಅಂತ ಬರೀತೇವೆ. ಅಲ್ಪವಿರಾಮದ ನಂತರ ಎರಡೇ ಅಂಕಿ! ಅಲ್ಲಿನ ಪುಸ್ತಕದ ಪ್ರಕಾರ ಅದು ಮೊತ್ತವೇ ಅಲ್ಲ. ನಿಯಮ ಇದ್ದರೆ ಸಾಲದು, ಅದು ಎಲ್ಲಿಯದ್ದು, ಯಾರು ಬರೆದದ್ದು ಅಂತಲೂ ನೋಡಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೇನೆ.

ಎರಡನೇ ಕಥೆ ಗಣಿತದ್ದು, ಇತ್ತೀಚಿನದ್ದು. ಎಸ್ಸೆಸ್ಸೆಲ್ಸಿಯಲ್ಲಿ ರೇಖಾಗಣಿತ ಕಲಿತವರಿಗೆ ಗೊತ್ತುಂಟು. ತ್ರಿಭುಜದ ಎರಡು ಬಾಹು ಸಮ ಇದ್ದರೆ ಅವುಗಳ ಎದುರಿನ ಕೋನಗಳೂ ಸಮ ಅಂತ ಸಾಧಿಸಬೇಕು. ಕೊಟ್ಟ ಚಿತ್ರವನ್ನೇ ನೋಡ್ತಾ ಕೂತರೆ ದಾರಿ ಕಾಣುವುದಿಲ್ಲ. ಮೇಷ್ಟ್ರು ಬಂದು ತಳದ ಬಾಹುವಿನ ಮಧ್ಯಬಿಂದುವಿಗೆ ಮೇಲಿನಿಂದ ಒಂದು ಗೆರೆ ಎಳೀತಾರೆ. ಆಗ ಎರಡು ತ್ರಿಭುಜ ಆಯಿತು, ಮೂರೂ ಬಾಹು ಸಮ, ಎರಡೂ ಸರ್ವಸಮ, ಕೋನಗಳು ಸಮ. ಮುಗಿಯಿತು. ಆ ಗೆರೆ ಎಲ್ಲಿ ಎಳೀಬೇಕು ಅಂತ ಹೊಳೆಯುವುದು ಊಹೆ. ಎಳೆದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಸಾಧಿಸುವುದು ನಿಯಮ.

2024ರ ಜನವರಿಯಲ್ಲಿ ಗೂಗಲ್ ಡೀಪ್‌ಮೈಂಡ್‌ನವರು ಆಲ್ಫಾಜಿಯೋಮೆಟ್ರಿ ಅಂತ ಒಂದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಇದೇ ಎರಡು ಕೆಲಸಕ್ಕೆ ಇಬ್ಬರು. ಒಂದು ನರಜಾಲ, "ಇಲ್ಲೊಂದು ಬಿಂದು ಇಟ್ಟು ನೋಡು, ಇಲ್ಲೊಂದು ಗೆರೆ ಎಳೆದು ನೋಡು" ಅಂತ ಸೂಚಿಸ್ಲಿಕ್ಕೆ. ಇನ್ನೊಂದು ನಿಯಮದ ಯಂತ್ರ, ಆ ಗೆರೆಯಿಂದ ತರ್ಕದ ಪ್ರಕಾರ ಏನೇನು ಸಿಗ್ತದೆ ಅಂತ ತೆಗೆಯಲಿಕ್ಕೆ. ಸಿಗಲಿಲ್ಲವಾ, ಮತ್ತೊಂದು ಗೆರೆ. ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 30 ಲೆಕ್ಕ ಕೊಟ್ಟರು. ಹಿಂದಿನ ಒಳ್ಳೆಯ ಪದ್ಧತಿ ಬಿಡಿಸಿದ್ದು 10. ಇದು 25 ಬಿಡಿಸಿತು. ಅಲ್ಲಿ ಚಿನ್ನದ ಪದಕ ಗೆಲ್ಲುವ ಮಕ್ಕಳ ಸರಾಸರಿ 25.9.

ನೋಡಿ, ನರಜಾಲ ಇಲ್ಲಿ ಎಷ್ಟು ಸಲ ತಪ್ಪು ಗೆರೆ ಎಳೆದರೂ ಉತ್ತರ ತಪ್ಪುವುದಿಲ್ಲ. ಯಾಕೆಂದರೆ ಪಾಸ್ ಮಾಡುವವ ಬೇರೆ. ಮೇಕರ್, ಚೆಕ್ಕರ್.

ಮೂರನೆಯದ್ದು ನಮಗೆ ನೇರ ತಾಗುವುದು. ಗಣಿತಕ್ಕೆ ತರ್ಕದ ನಿಯಮ ಉಂಟು. ಊರು, ಜನ, ಇಸವಿ, ಇದಕ್ಕೆ ಏನು? ಇದಕ್ಕೆ ಬೇಕಾದ್ದು ಲೆಡ್ಜರ್. ಕಂಪ್ಯೂಟರಿನವರು ನಾಲೆಜ್ ಗ್ರಾಫ್ ಅಂತಾರೆ. ಒಂದೊಂದು ಸಂಗತಿಯೂ ಮೂರು ಕಾಲಂ. ಮಂಜೇಶ್ವರ, ಜಿಲ್ಲೆ, ಕಾಸರಗೋಡು. ಕಾಸರಗೋಡು, ರಾಜ್ಯ, ಕೇರಳ. ಇಷ್ಟು ಬರೆದಿದ್ದರೆ ಮಂಜೇಶ್ವರ ಕೇರಳದಲ್ಲಿ ಅಂತ ಯಾರೂ ಬರೆಯದೆ ಇದ್ದರೂ ಯಂತ್ರವೇ ತೆಗೀಬಹುದು, ಊಹೆ ಬೇಡ. ಗೂಗಲ್ 2012ರಲ್ಲಿ ಇಂಥದ್ದೊಂದನ್ನು ತನ್ನ ಹುಡುಕಾಟಕ್ಕೆ ಜೋಡಿಸಿತು. ಅದೇ ವರ್ಷ ವಿಕಿಡೇಟಾ ಶುರು ಆಯಿತು, ಅದು ಎಲ್ಲರದ್ದು, ಯಾರೂ ತಿದ್ದಬಹುದು. ಈಗ ಅದರಲ್ಲಿ 10 ಕೋಟಿಗಿಂತ ಹೆಚ್ಚು ವಿಷಯಗಳು ಉಂಟು.

ಈ ಲೆಡ್ಜರಿನಲ್ಲಿ ಇಸವಿಯ ಕಾಲಂ ಕೂಡ ಇರ್ತದೆ. ಗಡಿಯವರಾದ ನಮಗೆ ಅದು ಬಹಳ ಮುಖ್ಯ. ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ ಮಂಜೇಶ್ವರದಲ್ಲಿ, ಬದುಕಿದ್ದೂ ಅಲ್ಲೇ. 1949ರಲ್ಲಿ ರಾಷ್ಟ್ರಕವಿ ಅಂತ ಗೌರವಿಸಿದ್ದು ಮದ್ರಾಸ್ ಸರಕಾರ. ಯಾಕೆ ಮದ್ರಾಸ್? ಆಗ ಮಂಜೇಶ್ವರ ಇದ್ದದ್ದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ ಕೇರಳ. ಆಮೇಲೆ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡು ಜಿಲ್ಲೆ. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗ್ತಾ ಹೋಯಿತು. ಹಳೆಯ ಪುಸ್ತಕದಲ್ಲಿ ದಕ್ಷಿಣ ಕನ್ನಡ ಅಂತ ಇದ್ದರೆ ಅದೂ ಸುಳ್ಳಲ್ಲ. ಆದರೆ ಊಹೆಯ ಯಂತ್ರ ಹಳೆಯದ್ದನ್ನೂ ಹೊಸದ್ದನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವ ಅಪಾಯ ಉಂಟು. ಇಸವಿ ಹಾಕಿ ಬರೆದ ಲೆಡ್ಜರ್ ಕಲಸುವುದಿಲ್ಲ. ಹೊಸೂರಿನವರು, ತಾಳವಾಡಿಯವರು, ಅಕ್ಕಲಕೋಟೆಯವರು, ಆದೋನಿಯವರು ಇದನ್ನು ಓದುವುದಾದರೆ ನಿಮ್ಮ ಊರಿಗೂ ಹೀಗೆ ಇಸವಿ ಹಾಕಿ ಒಂದು ಸಾಲು ಬರೆದು ನೋಡಿ. ಅರ್ಧ ಗೊಂದಲ ಅಲ್ಲೇ ಬಿಡಿಸ್ತದೆ.

ಇನ್ನು ಹೆಸರಿನ ವಿಷಯ. ಕೌಂಟರಿನಲ್ಲಿ ನಮಗೆ ದಿನಾ ಇದೇ ತಲೆನೋವು. ಒಬ್ಬರು ಪಾಸ್‌ಬುಕ್ಕಿನಲ್ಲಿ ನಾರಾಯಣ, ಇನ್ನೊಂದು ದಾಖಲೆಯಲ್ಲಿ ನಾರಾಯಣನ್. ಮಲಯಾಳದಲ್ಲಿ ಬರೆಯುವಾಗ ಕೊನೆಗೆ ಒಂದು ನ್ ಸೇರಿತು. ಇಬ್ಬರೂ ಒಬ್ಬರೇನಾ? ಹೆಸರು ಮಾತ್ರ ನೋಡಿದರೆ ಊಹೆ. ಅದೇ ವಾರ್ಡಿನಲ್ಲಿ ಇನ್ನೂ ಇಬ್ಬರು ನಾರಾಯಣ ಇರಬಹುದು. ನಾವು ಏನು ಮಾಡ್ತೇವೆ? ಖಾತೆ ನಂಬರು, ಹುಟ್ಟಿದ ತಾರೀಕು, ಸಹಿ ನೋಡ್ತೇವೆ. ಹೆಸರು ಚೀಟಿ, ನಂಬರು ಬೇರು.

ವಿಕಿಡೇಟಾದಲ್ಲೂ ಹಾಗೆಯೇ. ಒಂದೊಂದಕ್ಕೂ ಒಂದು ನಂಬರು. ಕರ್ನಾಟಕದ್ದು ಕ್ಯೂ 1185, ಕೇರಳದ್ದು ಕ್ಯೂ 1186. ಅಲ್ಲಿಯೂ ಅಕ್ಕಪಕ್ಕ ನೋಡಿ! ಆ ನಂಬರಿನ ಕೆಳಗೆ ಎಷ್ಟು ಭಾಷೆಯಲ್ಲಿ ಬೇಕಾದರೂ ಹೆಸರು ಬರೀಬಹುದು. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಒಂದನ್ನು ಹಾಕಲಿಕ್ಕೆ ಇನ್ನೊಂದನ್ನು ಅಳಿಸಬೇಕಾಗಿಲ್ಲ. ಯಾರ ಜೊತೆಗೂ ಜಗಳ ಇಲ್ಲ. ಆದರೆ ಕನ್ನಡದ ಜಾಗ ಖಾಲಿ ಇದ್ದರೆ? ಕನ್ನಡದಲ್ಲಿ ಕೇಳಿದವನ ಪ್ರಶ್ನೆಯಲ್ಲಿರುವ ಹೆಸರು ಯಾವ ನಂಬರಿನದ್ದು ಅಂತ ಯಂತ್ರಕ್ಕೆ ಗೊತ್ತಾಗುವುದು ಕಷ್ಟ. ಲೆಡ್ಜರ್ ಇದ್ದೂ ಪುಟ ಸಿಗಲಿಲ್ಲ. ಆಗ ಮತ್ತೆ ಊಹೆಗೇ ಬಿತ್ತು.

ಈಗ ಚಾಟ್ ಮಾಡುವ ಎಐಗಳಲ್ಲೂ ಈ ಜೋಡಣೆ ಬರ್ತಾ ಉಂಟು. ಉತ್ತರ ಹೇಳುವ ಮೊದಲು ದಾಖಲೆ ಹುಡುಕಿ, ಸಿಕ್ಕಿದ್ದನ್ನು ಮುಂದೆ ಇಟ್ಟುಕೊಂಡು ಉತ್ತರ ಬರೆಯುವುದು. ದೊಡ್ಡ ಗುಣಾಕಾರ ಬಂದರೆ ತಾನೇ ಊಹಿಸದೆ ಕ್ಯಾಲ್ಕುಲೇಟರಿಗೆ ಕೊಡುವುದು. ಒಳ್ಳೆಯದೇ. ಆದರೆ ಹುಡುಕಿದಲ್ಲಿ ಏನಾದರೂ ಇದ್ದರೆ ತಾನೇ ಸಿಗುವುದು?

ಲೆಡ್ಜರ್ ಇದ್ದ ಕೂಡಲೇ ಎಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ಕಾಮರ್ಸ್ ಓದಿದವರಿಗೆ ಟ್ರಯಲ್ ಬ್ಯಾಲೆನ್ಸ್ ನೆನಪಿರಬೇಕು. ಎರಡೂ ಬದಿ ಟ್ಯಾಲಿ ಆಯಿತು ಅಂತ ಖುಷಿ ಪಡ್ತೇವೆ. ಆದರೆ ಒಬ್ಬರ ಖಾತೆಗೆ ಹೋಗಬೇಕಾದ ಹಣವನ್ನು ಇನ್ನೊಬ್ಬರ ಖಾತೆಗೆ ಹಾಕಿದ್ದರೂ ಟ್ಯಾಲಿ ಆಗ್ತದೆ! ಪುಸ್ತಕದಲ್ಲಿ ತಪ್ಪು ಬರೆದಿದ್ದರೆ ಯಂತ್ರ ಅದೇ ತಪ್ಪನ್ನು ಇನ್ನೂ ಗಟ್ಟಿಯಾಗಿ, ದಾಖಲೆ ತೋರಿಸಿ ಹೇಳ್ತದೆ. ಊಹೆಯ ತಪ್ಪು ಇವತ್ತು ಬಂದು ನಾಳೆ ಹೋಗಬಹುದು. ಲೆಡ್ಜರಿನ ತಪ್ಪು ಯಾರಾದರೂ ತಿದ್ದುವ ತನಕ ಕೂತಿರ್ತದೆ.

ಅದಕ್ಕೇ ನಾನು ಆಗ ಹೇಳಿದ ಅಲ್ಪವಿರಾಮದ ಮಾತಿಗೆ ವಾಪಸ್ ಬರ್ತೇನೆ. ಪುಸ್ತಕ ಯಾರು ಬರೆದದ್ದು? ನಮ್ಮ ಊರು, ನಮ್ಮ ಶಾಲೆ, ನಮ್ಮ ಕವಿಗಳು, ಕಯ್ಯಾರ ಕಿಞ್ಞಣ್ಣ ರೈಗಳಂಥವರು, ಇವರ ಬಗ್ಗೆ ದೂರದ ಯಾರೋ ಅಂದಾಜಿನಲ್ಲಿ ಬರೆದರೆ ಅದೇ ಲೆಡ್ಜರ್. ಯಾರೂ ಬರೆಯದಿದ್ದರೆ ಖಾಲಿ. ನರಜಾಲ ಮಾಡ್ಲಿಕ್ಕೆ ಕೋಟ್ಯಂತರ ರೂಪಾಯಿ ಬೇಕು, ದೊಡ್ಡ ಕಂಪ್ಯೂಟರ್ ಬೇಕು. ಅದು ನಮ್ಮಿಂದ ಆಗುವ ಕೆಲಸ ಅಲ್ಲ. ಆದರೆ ಲೆಡ್ಜರಿಗೆ ಒಂದು ಸರಿಯಾದ ಸಾಲು ಸೇರಿಸ್ಲಿಕ್ಕೆ ಒಂದು ಫೋನು, ಒಂದು ಪುಸ್ತಕ, ಸ್ವಲ್ಪ ಪ್ರಾಮಾಣಿಕತೆ ಸಾಕು. ಈ ಜೋಡಿಯಲ್ಲಿ ನಮ್ಮ ಕೈಗೆ ಎಟಕುವ ಅರ್ಧ ಇದೇ.

ಹಾಗಾಗಿ ಮೂರು ಸಣ್ಣ ಕೆಲಸ ಹೇಳಿ ಮುಗಿಸ್ತೇನೆ.

ಒಂದು, ಎಐ ಏನು ಹೇಳಿದರೂ "ಇದು ಯಾವ ದಾಖಲೆಯಲ್ಲಿ ಉಂಟು?" ಅಂತ ಕೇಳಿ. ತೋರಿಸಿದರೆ ತೆರೆದು ನೋಡಿ. ತೋರಿಸದಿದ್ದರೆ ಅದು ಪಾಸ್ ಆಗದ ವೋಚರ್ ಅಂತ ಇಟ್ಟುಕೊಳ್ಳಿ.

ಎರಡು, ವಿಕಿಡೇಟಾದಲ್ಲಿ ನಿಮ್ಮ ಊರು ಹುಡುಕಿ. ಕನ್ನಡ ಹೆಸರು ಉಂಟಾ, ಜಿಲ್ಲೆ ತಾಲೂಕು ಸರಿ ಉಂಟಾ ನೋಡಿ. ಇಲ್ಲದಿದ್ದರೆ ಸೇರಿಸಿ. ಸೇರಿಸುವಾಗ ಆಧಾರ ಕೊಡಿ. ಪಂಚಾಯತಿನ ದಾಖಲೆ, ಅಚ್ಚಾದ ಪುಸ್ತಕ, ಯಾವುದಾದರೂ. ಅಭಿಮಾನಕ್ಕೆ ಅಂತ ಇಲ್ಲದ್ದನ್ನು ಬರೀಬೇಡಿ ಮಾರಾಯರೇ. ನಾವು ಒಂದು ಸುಳ್ಳು ಸಾಲು ಹಾಕಿದರೆ ನಮ್ಮ ಹತ್ತು ನಿಜವನ್ನೂ ಯಾರೂ ನಂಬುವುದಿಲ್ಲ.

ಮೂರು, ಮನೆಯಲ್ಲಿ ಹಿರಿಯರಿದ್ದರೆ ಕೂತು ಕೇಳಿ. ಹಳೆಯ ಊರ ಹೆಸರು, ಶಾಲೆ ಶುರು ಆದ ವರ್ಷ, ಯಾವ ಜಾಗಕ್ಕೆ ಯಾವ ಭಾಷೆಯವರು ಏನು ಹೇಳ್ತಾರೆ. ಬರೆದಿಡಿ, ಇಸವಿ ಹಾಕಿ. ಅವರ ಮಾತನ್ನು ಅಚ್ಚಾದ ದಾಖಲೆಯ ಜೊತೆ ತಾಳೆ ನೋಡಿ.

ಕಂಪ್ಯೂಟರ್ ಓದುವವರಿಗೆ ಬೇರೆ ಒಂದು ಮಾತು. ಬರೀ ದೊಡ್ಡ ನರಜಾಲದ ಹಿಂದೆ ಓಡಬೇಡಿ. ಊಹೆಯನ್ನೂ ದಾಖಲೆಯನ್ನೂ ಕಟ್ಟುವ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಉಂಟು. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಕೇಳುವ ನಮ್ಮಂಥ ಊರಿನವರಿಗೆ, ಒಂದು ಹೆಸರು ನಾಲ್ಕು ರೂಪದಲ್ಲಿ ಹೇಗೆ ಓಡಾಡ್ತದೆ ಅಂತ ಪಾಠ ಮಾಡಬೇಕಾಗಿಲ್ಲ.

ಅಕ್ಕನ ಮಗಳು ಕೊನೆಗೆ ಪ್ರಾಜೆಕ್ಟಿನಲ್ಲಿ ಆ ಸಾಲು ಹೊಡೆದು ಹಾಕಿ, 1949, 1956, 1984 ಅಂತ ಮೂರು ಇಸವಿ ಬರೆದು ಮುಂದೆ ಜಿಲ್ಲೆ, ರಾಜ್ಯ ಬರೆದಳು. ಆ್ಯಪ್ ಕೊಟ್ಟ ಚೆಂದದ ವಾಕ್ಯಗಳನ್ನು ಹಾಗೆಯೇ ಇಟ್ಟುಕೊಂಡಳು. ತಪ್ಪೇನಿಲ್ಲ, ಬರವಣಿಗೆ ಅದರದ್ದು, ಪಾಸ್ ಮಾಡಿದ್ದು ಅವಳು.

 ಈಗ ಹಿಂದಿನ ಬೆಂಚಿನವರು ನನ್ನ ತಪ್ಪು ಹೇಳಬಹುದು.